ನೆಲ ಬಿಟ್ಟು ಕೂತ ನರ್ಸಬಾಯಿ

ನೆಲದ ಮೇಲೆ ಅವರಷ್ಟು ಚೆಂದವಾಗಿ ಕೂಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಕೂಡುವುದರಲ್ಲಿ ಚೆಂದ ಏನು ಬಂತು ಅನ್ನಬಹುದು. ಕೈ ಊರುತ್ತಿರಲಿಲ್ಲ, ಗೋಡೆ ಹಿಡಿಯುತ್ತಿರಲಿಲ್ಲ. ನಿರಿಗೆಯನ್ನು ಎಡಗೈಯಲ್ಲಿ ಒಟ್ಟು ಮಾಡಿಕೊಂಡು, ಮಾತಾಡುತ್ತಲೇ ಕೆಳಗಿಳಿದು ಕೂತುಬಿಡುತ್ತಿದ್ದರು. ಐವತ್ತು ದಾಟಿದ ದೊಡ್ಡ ಮೈಯ ಹೆಂಗಸು. ಕೂತ ಮೇಲೆ ಮಾತ್ರ ಆ ಮೈಗೆ ಭಾರವೇ ಇಲ್ಲವೇನೋ ಅನ್ನಿಸುತ್ತಿತ್ತು.

ಕುಷ್ಟಗಿಯ ಸರಕಾರಿ ದವಾಖಾನೆಯಲ್ಲಿ ಅವರು ನರ್ಸು. ಊರಿಗೆಲ್ಲ ನರ್ಸಬಾಯಿ. ನಾನು ಅವ್ವಾರ ಎನ್ನುತ್ತಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಲ್ಲಿನ ಪ್ರಾಥಮಿಕ ಶಾಲೆಗೆ ಹೊಸದಾಗಿ ಶಿಕ್ಷಕಿಯಾಗಿ ಹೋದ ನನಗೆ ಅವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ನನ್ನ ಗಂಡ ಗಂಗಾವತಿಯಲ್ಲಿ ನೀರಾವರಿ ಇಲಾಖೆಯ ಗುಮಾಸ್ತ, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವವರು. ಅವ್ವಾರು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದರು, ಮಕ್ಕಳಿರಲಿಲ್ಲ. ಕುಕನೂರಿನಲ್ಲಿ ಒಬ್ಬ ಅಣ್ಣ ಇದ್ದರು. ವಾರದ ಐದು ದಿನ ಆ ಮನೆಯಲ್ಲಿ ನಾವಿಬ್ಬರೇ.

ಅಡುಗೆ ಅವರಿಗೆ ಬರುತ್ತಿರಲಿಲ್ಲ. ರೊಟ್ಟಿ ಒಂದು ಕಡೆ ಹಸಿ, ಇನ್ನೊಂದು ಕಡೆ ಕಪ್ಪು. ಅದನ್ನು ಅವರೇ ಮೊದಲು ಹೇಳಿಕೊಂಡು ನಗುತ್ತಿದ್ದರು. ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದರು. ಆದರೆ ಹೆರಿಗೆ ಇದೆ ಎಂದು ಕರೆ ಬಂದರೆ ಎಂಥ ಹೊತ್ತಾಗಲಿ, ಎಂಥ ಹಾದಿಯಾಗಲಿ, ಚೀಲ ಹಿಡಿದು ಹೊರಡುತ್ತಿದ್ದರು. ಒಂದು ಸಲ ನನ್ನನ್ನೂ ಹತ್ತಿರದ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋಗಿದ್ದರು. ಮನೆಯ ಮುಂದೆ ಗಂಡಸರು ಬಂಡಿ ಹೂಡಿ ನಿಂತಿದ್ದರು, ಕೊಪ್ಪಳಕ್ಕೆ ಒಯ್ಯಬೇಕೋ ಬೇಡವೋ ಎಂದು ಜಗಳಾಡುತ್ತಿದ್ದರು. ಒಳಗೆ ಬಸುರಿ ಕಿರುಚುತ್ತಿದ್ದಳು. ಅವ್ವಾರು ಗಂಡಸರನ್ನು ದಾಟಿ ನಡೆದರು. ಒಳಗೆ ಹೋಗಿ ಅವಳನ್ನು ಪರೀಕ್ಷೆ ಮಾಡಿ ನೋಡಿದರು. ಆಮೇಲೆ ಅವಳ ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಹೇಳಿದರು.

"ನಾ ಕುಂತೀನಿ. ಇನ್ನ ಯಾರೂ ಅವಸರ ಮಾಡಬ್ಯಾಡ್ರಿ."

ಅಷ್ಟೇ. ಹೊರಗಿನ ಗದ್ದಲ ತಾನಾಗಿಯೇ ತಗ್ಗಿತು. ನರ್ಸಬಾಯಿ ಕೂತರು ಎಂದರೆ ಅಪಾಯವಿಲ್ಲ ಎಂದು ಆ ಸೀಮೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಅಪಾಯವಿದ್ದರೆ ಅವರು ನಿಂತೇ ಇರುತ್ತಿದ್ದರು, ತಾವೇ ಬಂಡಿ ಹತ್ತುತ್ತಿದ್ದರು.

ಹೆರಿಗೆ ಮಾಡಿಸಿದ ಮೇಲೆ ಅವರ ಕೆಲಸ ಮುಗಿಯಿತು ಅನ್ನುವ ಹಾಗಿರಲಿಲ್ಲ. ಊರೊಳಗಿನ ಕೂಸಾದರೆ ಎರೆಯುವುದೂ ಅವರೇ. ನಮ್ಮ ಕಡೆ ಕೂಸಿಗೆ ಎರೆಯುವುದೆಂದರೆ ಬಚ್ಚಲಲ್ಲಿ ಸಣ್ಣ ಮಣೆಯ ಮೇಲೆ ಕೂತು ಎರಡೂ ಕಾಲು ನೀಟಾಗಿ ಚಾಚಬೇಕು. ಆ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಕಡಲೆ ಹಿಟ್ಟು ಸವರಿ, ಬಿಸಿನೀರು ಹಾಕಬೇಕು. ಅವರು ಮೊದಲು ಕೈ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆಮೇಲೆ ಮೊಣಕೈಯಿಂದ ನೀರಿನ ಬಿಸಿ ನೋಡುತ್ತಿದ್ದರು. ಅಳುವ ಕೂಸು ಅವರ ಕಾಲಿನ ಮೇಲೆ ಬಂದದ್ದೇ ಸುಮ್ಮನಾಗುತ್ತಿತ್ತು. "ಇವು ಕಾಲಲ್ಲ ತಂಗಿ, ತೊಟ್ಟಿಲ," ಎಂದು ನನಗೆ ಹೇಳುತ್ತಿದ್ದರು. ಅವರು ತಮ್ಮ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡಿದ್ದು ಇದೊಂದೇ.

ನಾನು ಹೋದ ಎರಡನೆಯ ವರ್ಷ ಅವರು ನಿವೃತ್ತರಾದರು. ಅದೇ ಹೊತ್ತಿಗೆ ಬಲಗಡೆಯ ಸೊಂಟ ನೋಯತೊಡಗಿತು. ಮೊದಲು ಕುಂಟಿದರು, ಆಮೇಲೆ ಕೋಲು ಹಿಡಿದರು. ಕಡೆಗೆ ಕೂಡುವಾಗ ಹಲ್ಲು ಕಚ್ಚುವ ಸದ್ದು ನನಗೆ ಕೇಳುತ್ತಿತ್ತು. ಊರಿನ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಫೋಟೋ ತೆಗೆದು, ಕೀಲು ಪೂರಾ ಸವೆದಿದೆ, ಮಿರಜಿಗೆ ಹೋದರೆ ಅದನ್ನು ತೆಗೆದು ಲೋಹದ ಕೀಲು ಕೂರಿಸುತ್ತಾರೆ ಎಂದರು. ನಮ್ಮಲ್ಲಿ ಯಾರೂ ಅಂಥದ್ದನ್ನು ಕೇಳಿರಲಿಲ್ಲ. ಅವರ ಅಣ್ಣ ಬೇಡವೇ ಬೇಡ ಎಂದರು. ಅವ್ವಾರೂ ನಾಲ್ಕು ತಿಂಗಳು ಮನಸ್ಸು ಮಾಡಲಿಲ್ಲ.

ಅಷ್ಟರಲ್ಲಿ ನಾನು ಬಸುರಿಯಾದೆ. ನನ್ನ ತಾಯಿ ನಾನು ಶಾಲೆಗೆ ಹೋಗುವ ಮೊದಲೇ ತೀರಿದವಳು, ಅತ್ತೆಗೆ ಕಣ್ಣು ಕಾಣಿಸುತ್ತಿರಲಿಲ್ಲ. ಬಾಣಂತನ ಎಲ್ಲಿ, ಹೇಗೆ ಎಂದು ನನಗೆ ದಿಗಿಲು. ಅವರಿಗೆ ಸುದ್ದಿ ಹೇಳಿದ ಸಂಜೆ ನನ್ನ ನಾಡಿ ಹಿಡಿದು ನೋಡಿದರು. ಆಮೇಲೆ, "ನಿನ್ನ ಬಾಣಂತನಾ ನಂದು. ಕೂಸಿಗೆ ನಾನ ಎರಿತೀನಿ," ಎಂದರು. ಮರುದಿನವೇ ಅಣ್ಣನಿಗೆ ಪತ್ರ ಬರೆದರು, ಮಿರಜಿಗೆ ಹೋಗೋಣ ಎಂದು. ಹೊಸ ಕೀಲು ಕೂರಿಸಿದರೆ ಮೊದಲಿನ ಹಾಗೆ ನೆಲಕ್ಕೆ ಕೂಡಬಹುದು ಎಂದು ಅವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಆಪರೇಷನ್ ಆಗಿ ಎರಡು ವಾರಕ್ಕೆ ನನಗೊಂದು ಲಕೋಟೆ ಬಂತು. ಒಳಗೆ ಅವರ ದುಂಡಗಿನ ಅಕ್ಷರದ ಪತ್ರ ಮತ್ತು ಎರಡು ಗಂಟು ಹಾಕಿದ ಒಂದು ನೂಲು. ಮನೆಗೆ ಬರುವುದರೊಳಗೆ ನನಗೊಂದು ಕುರ್ಚಿ ನೋಡಿಡು ಎಂದು ಬರೆದಿದ್ದರು. ನೂಲಿನ ಒಂದು ಗಂಟಿನಿಂದ ಇನ್ನೊಂದು ಗಂಟಿನವರೆಗೆ ಅವರ ಹಿಮ್ಮಡಿಯಿಂದ ಮೊಣಕಾಲ ಹಿಂದಿನ ಮಡಿಕೆಯವರೆಗಿನ ಅಳತೆ. ಕುರ್ಚಿ ಅದಕ್ಕಿಂತ ಮೂರು ಬೆರಳು ಎತ್ತರ ಇರಬೇಕು, ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು. ಕೂತರೆ ಕುಸಿಯಬಾರದು. ಎರಡೂ ಕಡೆ ಗಟ್ಟಿ ಕೈ ಇರಬೇಕು, ಏಳುವಾಗ ಅದರ ಮೇಲೆ ಭಾರ ಹಾಕಬೇಕು. ಕಾಲ ಮೇಲೆ ಕಾಲು ಹಾಕುವಂತಿಲ್ಲ, ಬಗ್ಗುವಂತಿಲ್ಲ. ಕಡೆಯ ಸಾಲು: ಮೂರು ತಿಂಗಳು ಇಷ್ಟು ಪಥ್ಯ, ಆಮೇಲೆ ಎಲ್ಲ ಮೊದಲಿನಂತೆ.

ನಮ್ಮ ಮನೆಯಲ್ಲಿ ಇದ್ದದ್ದು ಅವರ ಗಂಡನ ಕಾಲದ ಒಂದು ಆರಾಮ ಕುರ್ಚಿ, ಬಟ್ಟೆಯದು. ಕೂತರೆ ಮೈ ನೆಲ ಮುಟ್ಟುತ್ತಿತ್ತು. ಹೊರಸಿನ ಹಗ್ಗ ಜೋತು ತೊಟ್ಟಿಲಾಗಿತ್ತು. ಮೂರು ತಿಂಗಳ ಬಸುರಿ ನಾನು, ಶಾಲೆ ಬಿಟ್ಟ ಮೇಲೆ ಆ ನೂಲು ಹಿಡಿದುಕೊಂಡು ಊರಿನ ಕುರ್ಚಿಗಳನ್ನು ಅಳೆಯುತ್ತ ತಿರುಗಿದೆ. ಹೆಡ್ ಮಾಸ್ತರರ ಕುರ್ಚಿ ಎತ್ತರ ಸರಿ ಇತ್ತು, ಕೈ ಇರಲಿಲ್ಲ. ಹೋಟೆಲಿನ ಕಬ್ಬಿಣದ ಮಡಚುವ ಕುರ್ಚಿ ಕುಳಿತವರನ್ನೂ ಮಡಚುವಂತಿತ್ತು. ಪಕ್ಕದ ಮನೆಯವರು ಹೊಸದಾಗಿ ತಂದ ಸೋಫಾದ ಮೇಲೆ ನನ್ನನ್ನೇ ಕೂರಿಸಿ ನೋಡಿದರು. ನನ್ನ ಮೊಣಕಾಲು ಎದೆಗೆ ಬಂದವು, ಏಳಲು ಇಬ್ಬರು ಕೈ ಕೊಡಬೇಕಾಯಿತು. ದವಾಖಾನೆಯ ಡಾಕ್ಟರು ತಮ್ಮ ಕುರ್ಚಿಯನ್ನೇ ಒಯ್ಯಿರಿ ಎಂದರು, ಅದಕ್ಕೆ ಗಾಲಿಗಳಿದ್ದವು.

ಬಸ್ ನಿಲ್ದಾಣದ ಹತ್ತಿರ ಒಂದು ಕ್ಷೌರದ ಅಂಗಡಿ ಇತ್ತು. ನಾನು ಅದರ ಮುಂದೆ ಹಾದುಹೋಗುವುದನ್ನು ದಿನವೂ ನೋಡುತ್ತಿದ್ದ ಅಂಗಡಿಯಾತ ಒಂದು ದಿನ ಹೊರಗೆ ಬಂದು, ನರ್ಸಬಾಯಿಗೆ ಕುರ್ಚಿ ಸಿಕ್ಕಿತೇ ಎಂದು ಕೇಳಿದ. ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಇಲ್ಲ ಎಂದೆ. ಆತ ನೂಲು ಇಸಿದುಕೊಂಡು ಒಳಗೆ ಹೋದ. ಅಲ್ಲಿ ಎರಡು ಕುರ್ಚಿ ಇದ್ದವು. ಗಿರಾಕಿ ಇಲ್ಲದ ಕುರ್ಚಿಯ ಕಾಲಿಗೆ ನೂಲು ಹಿಡಿದು, ಅದರ ಮೇಲೆ ಮೂರು ಬೆರಳಿಟ್ಟು, ನನ್ನ ಕಡೆ ತಿರುಗಿ ತೋರಿಸಿದ. ಸಾಗವಾನಿಯ ಕುರ್ಚಿ, ಅಗಲ ಕೈಗಳು, ನೆಟ್ಟಗಿನ ಬೆನ್ನು. ನಿಂತು ಕೆಲಸ ಮಾಡುವವನ ಕೈಗೆ ತಲೆ ಎಟುಕಲೆಂದು ಮಾಡಿದ್ದು, ಹಾಗಾಗಿ ಎತ್ತರ. ಮುಂದಿನ ಕಾಲಿಡುವ ಹಲಗೆಯನ್ನೂ ಹಿಂದಿನ ತಲೆದಿಂಬನ್ನೂ ಆತನೇ ಬಿಚ್ಚಿದ. ಸಂಜೆ ಕೈಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದು ಇಳಿಸಿದ. ತನ್ನ ಮೂರು ಮಕ್ಕಳೂ ಅವರ ಕೈಯಾಗ ಹುಟ್ಟಿದವು, ಅವರು ಓಡಾಡುವತನಕ ಇದು ಇಲ್ಲೇ ಇರಲಿ ಎಂದ.

ಕೊಪ್ಪಳದ ರೈಲು ನಿಲ್ದಾಣದಿಂದ ಜೀಪಿನಲ್ಲಿ ಅವ್ವಾರು ಬಂದರು. ಜೊತೆಗೆ ಬಂದ ಅಣ್ಣ ಪಡಸಾಲೆಯಲ್ಲಿ ಆ ಕುರ್ಚಿ ನೋಡಿದ್ದೇ ಬಾಗಿಲಲ್ಲೇ ನಿಂತರು. ಸಿಟ್ಟಿನ ಮನುಷ್ಯರಲ್ಲ, ಆದರೆ ಮಡಿ ಜಾಸ್ತಿ. ಊರ ಗಂಡಸರೆಲ್ಲ ಕೂದಲು ಕೊಟ್ಟ ಕುರ್ಚಿಯ ಮೇಲೆ ನಮ್ಮ ಮನೆಯ ಹೆಣ್ಣುಮಗಳು ಕೂಡುವುದೇ ಎಂದು ಮೆಲ್ಲಗೆ ಕೇಳಿದರು. ಅವ್ವಾರು ಊರುಗೋಲಿನ ಮೇಲೆ ನಿಂತು ಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇದರ ಮ್ಯಾಲ ತಹಸೀಲ್ದಾರೂ ಕುಂತಾರ, ಕೂಲಿ ಮಾಡಾವನೂ ಕುಂತಾನ. ಯಾರಿಗೂ ಏನೂ ಆಗಿಲ್ಲ. ನನಗೇನಾಕ್ಕೈತಿ, ಅಣ್ಣಾ?"

ಹಾಗೆಂದು, ಹಿಮ್ಮಡಿ ಹಿಂದಕ್ಕೆ ಸರಿಸಿ, ಕುರ್ಚಿಯ ಅಂಚು ಕಾಲಿಗೆ ತಾಗಿದ ಮೇಲೆ ಎರಡೂ ಕೈ ಹಿಡಿದು, ಬಲಗಾಲು ಮುಂದೆ ಚಾಚಿ, ಇಷ್ಟಿಷ್ಟೇ ಇಳಿದು ಕೂತರು. ನೀರಿನ ಹಾಗೆ ಕೂಡುತ್ತಿದ್ದವರು ಮೆಟ್ಟಿಲು ಇಳಿದಂತೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಕುರ್ಚಿ ಸಿಕ್ಕಿತು ಎಂದರೆ ಎಲ್ಲ ಆಯಿತು ಅಂತಲ್ಲ. ಮಲಗುವ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಸಂತೆಯಲ್ಲಿ ಕೊಂಡ ಹಳೆಯ ಕುರ್ಚಿಯೊಂದಕ್ಕೆ ಬಡಿಗೇರನಿಂದ ನಡುವೆ ತೂತು ಹಾಕಿಸಿ, ಪಾಯಖಾನೆಗೆಂದು ಹಿತ್ತಲಲ್ಲಿ ತಟ್ಟಿಯ ಮರೆ ಕಟ್ಟಿ ಇಟ್ಟೆವು. ಎಲ್ಲಿ ಎಷ್ಟು ಕೊರೆಯಬೇಕೆಂದು ಅವರೇ ಬಡಿಗೇರನಿಗೆ ನಾಚಿಕೆಯಿಲ್ಲದೆ ಹೇಳಿದರು, ನಾಚಿದವನು ಆತ. ಕೈಜಾರಿದ ವಸ್ತು ಎತ್ತಲು ಬಗ್ಗಬಾರದೆಂದು ಬಿದಿರು ಕೋಲಿನ ತುದಿಗೆ ಕೊಕ್ಕೆ ಕಟ್ಟಿಕೊಟ್ಟೆ. ಇದೆಲ್ಲವನ್ನೂ ನಗುತ್ತಲೇ ಒಪ್ಪಿಕೊಂಡರು. ಒಪ್ಪಿಕೊಳ್ಳಲಾಗದೆ ಹೋದದ್ದು ಒಂದೇ. ನೋಡಲು ಬಂದ ಹೆಂಗಸರು ವಾಡಿಕೆಯಂತೆ ನೆಲದ ಮೇಲೆ ಕೂಡುತ್ತಿದ್ದರು, ಇವರು ಮೇಲೆ. ಹಿರಿಯರು ಬಂದರಂತೂ ಅವ್ವಾರಿಗೆ ಜೀವ ಹಿಡಿಯಾಗುತ್ತಿತ್ತು. ಸಾಲ ವಸೂಲಿಗೆ ಬಂದ ಸಾಹುಕಾರನಂಗ ಕುಂತೀನಿ ನೋಡು ಎನ್ನುತ್ತಿದ್ದರು. ಒಂದು ದಿನ ಎಲ್ಲರೂ ಎದ್ದು ಹೋದ ಮೇಲೆ ಆ ಹೆಂಗಸರು ಕೂತಿದ್ದ ಚಾಪೆಯನ್ನೇ ನೋಡುತ್ತ ಹೇಳಿದರು.

"ಮ್ಯಾಲಿಂದ ನೋಡಿದ್ರ ಮಂದಿ ಮುಖಾ ಬ್ಯಾರೇನ ಕಾಣ್ತಾವ ತಂಗಿ. ನೆತ್ತಿ ಕಾಣತೈತಿ, ಕಣ್ಣ ಕಾಣೂದಿಲ್ಲ."

ಮೂರು ತಿಂಗಳು ಎಣಿಸುತ್ತಿದ್ದರು. ನಾನೂ ಎಣಿಸುತ್ತಿದ್ದೆ, ನನ್ನ ಹೊಟ್ಟೆಯ ಲೆಕ್ಕದಲ್ಲಿ. ನನಗೆ ಆರು ತುಂಬಿದಾಗ ಅವರ ಮೂರು ತಿಂಗಳೂ ಮುಗಿದವು. ಕೋಲು ಹಿಡಿದು ಮನೆಯೊಳಗೆ ಆರಾಮ ಓಡಾಡುತ್ತಿದ್ದರು, ನೋವು ಪೂರಾ ಹೋಗಿತ್ತು. ಮಿರಜಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದ ಮೇಲೂ ಕುರ್ಚಿಯ ಮೇಲೇ ಕೂಡುತ್ತಿದ್ದರು. ಡಾಕ್ಟರು ಏನೆಂದರು ಎಂದು ಕೇಳಿದರೆ, ಎಲ್ಲಾ ಛಲೋ ಐತಿ ಎನ್ನುತ್ತಿದ್ದರು.

ಒಂದು ಶನಿವಾರ, ಶಾಲೆ ಅರ್ಧ ದಿನ. ಮನೆಗೆ ಬಂದರೆ ಪಡಸಾಲೆಯ ಕುರ್ಚಿ ಖಾಲಿ. ಕರೆದೆ, ಉತ್ತರವಿಲ್ಲ. ಬಚ್ಚಲಿಗೆ ಹೋದೆ. ನೆಲದ ಮೇಲೆ ಮಣೆ ಇಟ್ಟಿದ್ದರು. ಒಂದು ಕೈಯಲ್ಲಿ ಹಂಡೆಯ ಕಂಠ, ಇನ್ನೊಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಅರ್ಧಕ್ಕೆ ಇಳಿದು ನಿಂತಿದ್ದರು. ಕೆಳಗೆ ಇಳಿಯಲೂ ಆಗದು, ಮೇಲೆ ಏಳಲೂ ಆಗದು. ತೋಳು ಗಡಗಡ ನಡುಗುತ್ತಿದ್ದವು, ಮುಖ ಬೆವರಿನಿಂದ ತೊಯ್ದಿತ್ತು. ಎಷ್ಟು ಹೊತ್ತಿನಿಂದ ಹಾಗಿದ್ದರೋ. ನನ್ನ ಕಂಡು, "ನೀ ಮುಟ್ಟಬ್ಯಾಡ, ಹೊಟ್ಟಿಗೆ ಭಾರ ಆಕ್ಕೈತಿ," ಎಂದರು. ನಾನು ಕೇಳಲಿಲ್ಲ. ಅವರ ಕಂಕುಳಲ್ಲಿ ನನ್ನ ಹೆಗಲು ಕೊಟ್ಟು ನಿಂತೆ. ಅವರು ಚೌಕಟ್ಟನ್ನು ಎಳೆದರು. ಇಬ್ಬರೂ ಸೇರಿ ಹೇಗೋ ನೆಟ್ಟಗಾದೆವು. ಗೋಡೆ ಹಿಡಿದು ಕುರ್ಚಿಯವರೆಗೆ ಬಂದೆವು. ಕೂತ ಮೇಲೆ ಬಹಳ ಹೊತ್ತು ಇಬ್ಬರೂ ಏದುಸಿರು ಬಿಟ್ಟೆವು.

ನನಗೆ ಸಿಟ್ಟು ಬಂದಿತ್ತು. ಕೀಲು ತಪ್ಪಿದ್ದರೆ ಏನು ಗತಿ, ಮಿರಜಿಗೆ ಹೋದಾಗಲೇ ಡಾಕ್ಟರನ್ನು ಕೇಳಬಾರದಿತ್ತೇ ಎಂದು ರೇಗಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಸೆರಗು ಕಣ್ಣಿನ ಮೇಲೇ ನಿಂತಿತು.

"ಕೇಳೀನಿ. ಅವತ್ತ ಕೇಳೀನಿ, ಹಾಸಿಗ್ಯಾಗ ಇದ್ದಾಗನ. ಜನ್ಮಪೂರ್ತಿ ನೆಲಕ್ಕ ಕುಂದ್ರೂ ಹಂಗಿಲ್ಲ ಅಂದಾರ. ನಿನಗ ಹೆಂಗ ಬರೀಲಿ? ಮಾತು ಕೊಟ್ಟ ಹೋಗೀನಿ."

ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಒಂದು ಸಲ. ಎಷ್ಟೋ ಮನೆಗಳಲ್ಲಿ ಸತ್ತ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕಕ್ಕೆ ಇಟ್ಟವರು. ಈಗ ಒಂದು ಮಣೆಗಾಗಿ ಅಳುತ್ತಿದ್ದರು. ನಾನು ಬಚ್ಚಲಿನಿಂದ ಆ ಮಣೆ ತಂದೆ. ಅವರ ಮುಂದಿಟ್ಟು, "ನೀವು ಇಲ್ಲೇ ಕುಂತು ಹೇಳ್ರಿ ಅವ್ವಾರ. ನಾ ಕಲಿತೀನಿ," ಎಂದೆ.

ಮರುವಾರದಿಂದ ಪಾಠ ಶುರುವಾಯಿತು. ಚೀಲವೊಂದರಲ್ಲಿ ಮೂರು ಕಿಲೋ ಜೋಳ ತುಂಬಿ ಬಾಯಿ ಹೊಲಿದು ಅದನ್ನೇ ಕೂಸು ಮಾಡಿದರು. ಹೊಟ್ಟೆ ಮುಂದಿಟ್ಟುಕೊಂಡು ಮಣೆಯ ಮೇಲೆ ನಾನು, ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಅವರು. ಹಿಮ್ಮಡಿ ಕೂಡಿಸು, ಹೆಬ್ಬೆರಳು ಬಿಡಿಸು, ಎಡಗೈ ಕುತ್ತಿಗೆಯ ಕೆಳಗಿಂದ ಬಿಡಬೇಡ. ಜೋಳದ ಚೀಲ ಜಾರಿದರೆ ನಿಜವಾಗಿಯೂ ಬೈಯುತ್ತಿದ್ದರು. ನನ್ನ ಗಂಡ ಒಂದು ಭಾನುವಾರ ಇದನ್ನು ನೋಡಿ ನಕ್ಕು, ಅವರ ಕೈಯಲ್ಲಿ ಬೈಸಿಕೊಂಡರು.

ಮಗಳು ಹುಟ್ಟಿದಳು. ದವಾಖಾನೆಯಲ್ಲಿ ಅವ್ವಾರು ನನ್ನ ತಲೆಯ ಹತ್ತಿರ ಕೋಲು ಹಿಡಿದು ನಿಂತೇ ಇದ್ದರು. ಮನೆಗೆ ಬಂದ ಮೇಲೆ ಮೊದಲ ಸಲ ಎರೆಯುವ ದಿನ ನಸುಕಿನಲ್ಲೇ ಎದ್ದು ಹಂಡೆಗೆ ಉರಿ ಹಾಕಿಸಿದ್ದರು. ನಾನು ಮಣೆಯ ಮೇಲೆ ಕೂತು ಕಾಲು ಚಾಚಿದೆ. ಪಕ್ಕದ ಮನೆಯಾಕೆ ಕೂಸನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ಅದು ಹೊಯ್ದುಕೊಂಡು ಅತ್ತಿತು. ಅವ್ವಾರು ಕುರ್ಚಿಯಿಂದ ಒಂದೊಂದೇ ಮಾತು ಹೇಳುತ್ತಿದ್ದರು, ಅವಸರವಿಲ್ಲದೆ. ಕೈ ಬೆಚ್ಚಗೆ ಮಾಡಿಕೋ. ಎದೆಗೆ ಮೊದಲು. ಈಗ ನೀರು, ತಲೆಗಲ್ಲ, ಬೆನ್ನಿಗೆ. ನಡುವೆ ಒಂದು ಸಲ ತಲೆ ಎತ್ತಿ ನೋಡಿದೆ. ಅವರ ಎರಡೂ ಕಾಲು ಕುರ್ಚಿಯಿಂದ ಮುಂದಕ್ಕೆ ನೀಟಾಗಿ ಚಾಚಿದ್ದವು, ಹಿಮ್ಮಡಿ ಕೂಡಿಸಿ, ಹೆಬ್ಬೆರಳು ಬಿಡಿಸಿ. ಕೈಗಳು ಗಾಳಿಯಲ್ಲಿ ಕೂಸಿನ ಬೆನ್ನು ತಿಕ್ಕುತ್ತಿದ್ದವು. ಅದು ಅವರಿಗೆ ಗೊತ್ತಿರಲಿಲ್ಲ. ಕೂಸು ಅಳು ನಿಲ್ಲಿಸಿತು. ಒರೆಸಿ, ಲೋಬಾನದ ಹೊಗೆ ಕೊಟ್ಟು, ಬಟ್ಟೆ ಸುತ್ತಿ ಅವರ ತೊಡೆಯ ಮೇಲೆ ಇಟ್ಟೆ. ಮೂಸಿ ನೋಡಿ, ಕಡಲೆ ಹಿಟ್ಟು ಕಿವಿಯ ಹಿಂದೆ ಉಳಿದಿದೆ ಎಂದರು. ನನ್ನನ್ನು ಹೊಗಳಿದ್ದು ಅಷ್ಟೇ.

ಮಗಳಿಗೆ ವರ್ಷ ತುಂಬುವುದರೊಳಗೆ ನನಗೆ ಗಂಗಾವತಿಗೆ ವರ್ಗವಾಯಿತು. ಗಂಡನ ಊರಿಗೇ ಸಿಕ್ಕ ವರ್ಗ, ಮೂರು ವರ್ಷದಿಂದ ಅರ್ಜಿ ಹಾಕಿ ಕೇಳಿದ್ದು. ಆದರೂ ಆದೇಶ ಕೈಗೆ ಬಂದ ದಿನ ಅವರಿಗೆ ಹೇಗೆ ಹೇಳಲಿ ಎಂದು ಸಂಜೆಯವರೆಗೆ ಶಾಲೆಯಲ್ಲೇ ಕೂತಿದ್ದೆ. ಗಂಗಾವತಿಯಲ್ಲಿ ಸುತ್ತ ಭತ್ತದ ಗದ್ದೆ, ಕಾಲುವೆಯ ನೀರು, ತೆಲುಗು ಮಾತು. ಅಲ್ಲಿ ಎಲ್ಲ ಹಸಿರಾಗಿತ್ತು, ನನಗೆ ಮಾತ್ರ ಕುಷ್ಟಗಿಯ ಒಣ ಗಾಳಿ, ಆ ಪಡಸಾಲೆ ಬೇಕೆನ್ನಿಸುತ್ತಿತ್ತು. ಮಗಳಿಗೆ ಎರೆಯುವಾಗ ಬಚ್ಚಲ ಬಾಗಿಲ ಕಡೆ ಕಣ್ಣು ಹೋಗುತ್ತಿತ್ತು. ತಿಂಗಳಿಗೊಂದು ಪತ್ರ ಬರೆಯುತ್ತಿದ್ದೆ. ದಸರೆಗೆ ಬರುತ್ತೇನೆ ಎಂದು ಬರೆದೆ, ಹೋಗಲಾಗಲಿಲ್ಲ. ಯುಗಾದಿಗೆ ಎಂದೆ, ಮಗಳಿಗೆ ದಡಾರ ಎದ್ದಿತು. ಅವರ ಉತ್ತರದಲ್ಲಿ ಎಂದೂ ಆಕ್ಷೇಪಣೆ ಇರುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಮಗಳಿಗೆ ಮೂರು ತುಂಬಿದ ವರ್ಷ ಅಣ್ಣನವರ ಕಾರ್ಡು ಬಂತು. ಎದೆನೋವು, ಊಟ ಬಿಟ್ಟಿದ್ದಾಳೆ, ನಿಮ್ಮನ್ನು ನೆನೆಸುತ್ತಾಳೆ. ಮಗಳನ್ನು ಕಟ್ಟಿಕೊಂಡು ಅದೇ ದಿನ ಬಸ್ಸು ಹತ್ತಿದೆ. ಇಟ್ಟಿಗೆ ಏರಿಸಿದ ಮಂಚದ ಮೇಲೆ ಮಲಗಿದ್ದರು. ಆ ದೊಡ್ಡ ಮೈ ಎಲ್ಲಿ ಹೋಗಿತ್ತೋ. ಮಗಳಿಗೆ ಅವರ ಗುರುತಿಲ್ಲ, ನನ್ನ ಹಿಂದೆ ಅಡಗಿದಳು. ನಾನು ಮುಂದೆ ತಳ್ಳಿದರೆ ಅತ್ತಳು. "ಬ್ಯಾಡ ಬಿಡು. ಅಕಿ ಯಾಕ ನೆನಪ ಇಡಬೇಕು," ಎಂದರು. ಆದರೆ ಅವಳು ಆಡುವಾಗಲೆಲ್ಲ ಅವಳ ಕಾಲನ್ನೇ ನೋಡುತ್ತಿದ್ದರು. ಮರುದಿನ ಮಧ್ಯಾಹ್ನ, ನಾನು ಗಂಜಿ ಕುಡಿಸುತ್ತಿದ್ದಾಗ, ಸಾಕು ಎಂದು ಕೈ ಅಡ್ಡ ಹಿಡಿದರು. ಮತ್ತೆ ಕಣ್ಣು ತೆರೆಯಲಿಲ್ಲ.

ಅವರದು ಲಿಂಗವಂತರ ಮನೆತನ. ಸತ್ತವರನ್ನು ಮಲಗಿಸುವುದಿಲ್ಲ, ಕಾಲು ಮಡಚಿ ಕೂರಿಸುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ನನಗಿದು ಗೊತ್ತಿಲ್ಲದ್ದೇನಲ್ಲ. ಆದರೆ ಹೆಂಗಸರು ಮೈ ತೊಳೆದು ಹೊಸ ಸೀರೆ ಉಡಿಸಿ ಪಡಸಾಲೆಗೆ ತಂದಾಗ ನನ್ನ ತಲೆಯಲ್ಲಿ ಅದಾವುದೂ ಇರಲಿಲ್ಲ. ಅಯ್ಯನವರು ವಿಭೂತಿ ತಟ್ಟೆ ಹಿಡಿದು ನಿಂತಿದ್ದರು. ಗೋಡೆಗೆ ಬೆನ್ನು ಒರಗಿಸಿದರು. ಎಡಗಾಲು ಮಡಚಿದರು. ಒಬ್ಬಾಕೆ ಬಲಗಾಲಿಗೆ ಕೈ ಹಾಕಿದಳು.

"ಆ ಕಾಲು ಮಡಚಬಾರದ್ರಿ," ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಎಲ್ಲರೂ ನನ್ನ ಕಡೆ ನೋಡಿದರು. ಆಕೆ ಕೈ ಹಿಂದಕ್ಕೆ ತೆಗೆದಳು. ಅವರ ಅಣ್ಣ ಕಂಬದ ಹತ್ತಿರ ನಿಂತಿದ್ದವರು ನನ್ನ ಬಳಿಗೆ ಬಂದರು.

"ಇನ್ನ ಮಡಚಬಹುದವ್ವಾ," ಎಂದರು. "ಇನ್ನ ಯಾರೂ ಬ್ಯಾಡ ಅನ್ನೂದಿಲ್ಲ."

ತಾವೇ ತಂಗಿಯ ಮುಂದೆ ಮಂಡಿಯೂರಿ, ಮೊಣಕಾಲ ಕೆಳಗೆ ಒಂದು ಕೈ, ಹಿಮ್ಮಡಿಗೆ ಒಂದು ಕೈ ಕೊಟ್ಟು, ನೋವಾದೀತೇನೋ ಎಂಬಂತೆ ಮೆಲ್ಲಗೆ ಆ ಕಾಲನ್ನು ಮಡಚಿದರು. ಅದು ಸಲೀಸಾಗಿ ಮಡಚಿಕೊಂಡಿತು. ಅವ್ವಾರು ನೆಲದ ಮೇಲೆ ಕೂತರು.

ಸುದ್ದಿ ತಿಳಿದು ಸುತ್ತಲಿನ ಹಳ್ಳಿಗಳ ಹೆಂಗಸರು ಬರತೊಡಗಿದರು. ಕೆಲವರು ಕಂಕುಳಲ್ಲಿ ಕೂಸು ಎತ್ತಿಕೊಂಡೇ ಬಂದಿದ್ದರು. ಬಂದವರು ಬಂದ ಹಾಗೆ ಅವರ ಎದುರು ಕೂಡುತ್ತಿದ್ದರು. ಮಗಳನ್ನು ಎತ್ತಿಕೊಂಡು ಹೋಗಿ ನಾನೂ ಅವರ ಬಲಮಗ್ಗುಲಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆ. ಸಂಜೆ ಎತ್ತಲು ಬರುವವರೆಗೆ ಏಳಲಿಲ್ಲ.